ಪೋಷಕರ ಸಭೆಯಿಂದ ಬಂದು

ಇಂದು ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮನೆಮನೆಯ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿವೆ, ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು. ಆದರೂ ಪಕ್ಕದ ಮನೆಯ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಬಂದು ಮುಂದಿನ ಬೆಂಚಿನಲ್ಲಿ ಕುಳಿತರು. ಮಗಳ ಗಣಿತದ ಉತ್ತರ ಪತ್ರಿಕೆಯನ್ನು ಎರಡೆರಡು ಸಲ ತಿರುವಿ, ‘ಮೇಡಂ, ನನಗೆ ಓದಲು ಬರುವುದಿಲ್ಲ. ಇವಳು ಎಲ್ಲಿ ತಪ್ಪಿದ್ದಾಳೆ, ತೋರಿಸಿ’ ಎಂದರು. ಶಿಕ್ಷಕಿ ಪಕ್ಕದಲ್ಲೇ ಕುಳಿತು ಒಂದೊಂದು ಲೆಕ್ಕವನ್ನೂ ಬೆರಳಿಟ್ಟು ತೋರಿಸಿದರು.

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಆದರೆ ಅದರ ರಕ್ಷಣೆ 14 ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಮದುವೆಯ ಮಾತು, ಗಂಡುಮಕ್ಕಳಿಗೆ ಕೂಲಿಯ ಸೆಳೆತ ಶುರುವಾಗುವುದೇ ಒಂಬತ್ತು, ಹತ್ತರಲ್ಲಿ! ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟಿದ್ದು ಒಳ್ಳೆಯದೇ. ಕಾಯ್ದೆಯೂ ಹತ್ತನೇ ತರಗತಿಯವರೆಗೆ ಬರಬೇಕು. ಸಭೆಯನ್ನು ಸೊಪ್ಪು ಹಾಕುವ ಹೊತ್ತು ತಪ್ಪಿಸಿ ಕರೆಯಬೇಕು. ಇಂದು ಅಕ್ಕ ಅರ್ಧದಲ್ಲೇ ಎದ್ದು ಹೋದರು, ಉತ್ತರ ಪತ್ರಿಕೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು.