ಬಿಳಿ ಬೂಟು ಎಲ್ಲಿವರೆಗೆ ಕಾಣತ್ತೆ?

ಏಪ್ರಿಲ್‌ನ ಒಂದು ಶನಿವಾರ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನಮ್ಮ ಮನೆ ಮುಂದಿನ ಹುಲ್ಲಿಗೆ ಗೊಬ್ಬರ ಚೆಲ್ಲುತ್ತಿದ್ದೆ. ಮರುದಿನ ಜೋರು ಮಳೆ ಅಂತ ಫೋನು ತೋರಿಸಿತ್ತು. ಇವತ್ತೇ ಚೆಲ್ಲಿಬಿಟ್ಟರೆ ನೀರು ಬಿಡೋ ಕೆಲಸ ಉಳಿಯಿತು ಅನ್ನೋದು ನನ್ನ ಜಾಣತನ. ನಾಲ್ಕನೇ ಕ್ಲಾಸಿನ ಮಗಳು ಹೊರಗೆ ಬಂದಳು, ನೋಡಿದಳು. "ಅಮ್ಮಾ, ನಾಳೆ ಮಳೆ ಬರತ್ತೆ. ನೀನು ಏಡಿಗಳ ಉಸಿರು ಕಟ್ಟಿಸ್ತಾ ಇದ್ದೀಯ" ಅಂದಳು.

ನನಗೆ ನಗು ಬಂತು. ಏಡಿ ಇರೋ ನೀರಿಗೆ ನಮ್ಮ ಮನೆಯಿಂದ ಕಾರಲ್ಲೇ ಮುಕ್ಕಾಲು ಗಂಟೆ ಬೇಕು. ಅವಳು ನಗಲಿಲ್ಲ. ಗ್ಯಾರೇಜಿನಿಂದ ಪೊರಕೆ ತಂದು, ಸಿಮೆಂಟಿನ ಮೇಲೆ ಬಿದ್ದಿದ್ದ ಗೊಬ್ಬರದ ಕಾಳನ್ನೆಲ್ಲ ಹುಲ್ಲಿನ ಕಡೆ ಗುಡಿಸೋಕೆ ಶುರುಮಾಡಿದಳು. ಗುಡಿಸ್ತಾ ಗುಡಿಸ್ತಾ ರಸ್ತೆ ಬದಿಯ ಮಳೆನೀರಿನ ಮೋರಿ ತೋರಿಸಿದಳು. ಅದರ ಮೇಲೆ ಏಡಿ ಚಿತ್ರ, ಇಲ್ಲಿ ಏನೂ ಸುರಿಯಬೇಡಿ, ಇದು ಚೆಸಪೀಕ್ ಕೊಲ್ಲಿಗೆ ಹೋಗತ್ತೆ ಅಂತ ಬರಹ. ಆರು ವರ್ಷದಿಂದ ಅದರ ಪಕ್ಕದಲ್ಲೇ ಕಾರು ನಿಲ್ಲಿಸ್ತಾ ಇದ್ದೇನೆ, ಒಂದು ದಿನವೂ ಓದಿರಲಿಲ್ಲ. ಆಮೇಲೆ ಗೊತ್ತಾಯಿತು, ಜೋರು ಮಳೆಯ ಮುನ್ಸೂಚನೆ ಇದ್ದಾಗ ಹುಲ್ಲಿಗೆ ಗೊಬ್ಬರ ಹಾಕಬಾರದು ಅಂತ ಮೇರಿಲ್ಯಾಂಡಿನಲ್ಲಿ 2013ರಿಂದ ಕಾನೂನೇ ಇದೆಯಂತೆ. ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಗೊಬ್ಬರದ ಚೀಲ ಬಿಚ್ಚೋ ಹಾಗೇ ಇಲ್ಲ. ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಅದೇ ಸ್ವಲ್ಪ ಚುಚ್ಚಿತು.

ಈ ಕೊಲ್ಲಿ ಉದ್ದದಲ್ಲಿ 300 ಕಿಲೋಮೀಟರ್ ದಾಟುತ್ತದೆ, ಆದರೆ ಸರಾಸರಿ ಆಳ ಆರೂವರೆ ಮೀಟರ್ ಅಷ್ಟೇ. ಅರ್ಧ ತೆಂಗಿನಮರವೂ ಮುಳುಗೋದಿಲ್ಲ. ಆರು ರಾಜ್ಯಗಳ ನೀರು, ಜೊತೆಗೆ ವಾಷಿಂಗ್ಟನ್ ನಗರದ್ದು, ಎಲ್ಲಾ ಬಂದು ಸೇರೋದು ಇಲ್ಲಿಗೆ. ಸಮುದ್ರಕ್ಕೆ ಬಾಯಿ ಮಾತ್ರ ದಕ್ಷಿಣದ ತುದಿಯಲ್ಲಿ. ಪೆನ್ಸಿಲ್ವೇನಿಯಾದ ಹೊಲದ ಸಗಣಿ, ಪೂರ್ವ ದಂಡೆಯ ಕೋಳಿ ಫಾರಂಗಳ ಹಿಕ್ಕೆ, ನನ್ನ ಹುಲ್ಲಿನ ಗೊಬ್ಬರ, ಎಲ್ಲದರ ಸಾರಜನಕ ಮತ್ತು ರಂಜಕ ತಿಂದು ಪಾಚಿ ಕೊಬ್ಬುತ್ತದೆ. ಆ ಪಾಚಿ ಸತ್ತು ತಳಕ್ಕೆ ಹೋಗಿ ಕೊಳೆಯೋವಾಗ ಅಲ್ಲಿರೋ ಆಮ್ಲಜನಕವನ್ನೆಲ್ಲ ಹೀರಿಬಿಡತ್ತೆ. ಬೇಸಿಗೆಯಲ್ಲಿ ನದಿಯ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ, ಎರಡೂ ಸರಿಯಾಗಿ ಬೆರೆಯೋದಿಲ್ಲ. ಹಾಗಾಗಿ ಮೇಲಿನ ಗಾಳಿ ಕೆಳಗೆ ಇಳಿಯೋದೇ ಇಲ್ಲ. ಕೆಲವೊಮ್ಮೆ ಏಡಿಗಳು ಉಸಿರಿಗಾಗಿ ದಡಕ್ಕೇ ಹತ್ತಿ ಬರುತ್ತವಂತೆ. ಮಗಳು ಸುಮ್ನೆ ಹೇಳಿದ್ದಲ್ಲ.

ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರೇ ಬರ್ನಿ ಫೌಲರ್ ಕತೆ ಹೇಳಿದ್ದು. ಪಟಕ್ಸೆಂಟ್ ಅಂತ ಒಂದು ನದಿ ನಮ್ಮ ಕೌಂಟಿ, ಅಂದರೆ ಜಿಲ್ಲೆಯ ಪಕ್ಕದಲ್ಲೇ ಹಾದು ಈ ಕೊಲ್ಲಿಗೆ ಸೇರುತ್ತದೆ. ಫೌಲರ್ ಅದರ ಕೆಳಗಿನ ದಡದಲ್ಲಿ ಬೆಳೆದವರು. ಪ್ರಾಯದಲ್ಲಿ ಏಡಿ ಹಿಡಿಯೋಕೆ ಎದೆಮಟ್ಟ ನೀರಿಗೆ ಇಳಿದರೂ ಅವರಿಗೆ ತಮ್ಮ ಪಾದ ಕಾಣ್ತಿತ್ತಂತೆ. ಆಮೇಲೆ ಕಾಣೋದು ನಿಂತಿತು. 1970ರ ದಶಕದಲ್ಲಿ ಕೆಳಗಿನ ಮೂರು ಕೌಂಟಿಗಳು ಕೋರ್ಟಿಗೆ ಹೋದವು. ಮೇಲಿನ ಊರುಗಳ ಕೊಳಚೆ ನಮ್ಮ ನದಿ ಕೊಲ್ಲುತ್ತಿದೆ ಅಂತ. ಮೇಲಿನ ಊರು ಅಂದರೆ ನಾವೇ! ಫೌಲರ್ ಮುಂದೆ ರಾಜ್ಯದ ಸೆನೆಟರ್ ಆದರು. 1988ರಲ್ಲಿ ಬಿಳಿ ಬೂಟು ಹಾಕಿಕೊಂಡು ನದಿಗಿಳಿದರು. ಬೂಟು ಕಾಣದಾಗೋವರೆಗೆ ನಡೆಯೋದು, ಬಟ್ಟೆ ಎಲ್ಲಿವರೆಗೆ ಒದ್ದೆಯಾಗಿದೆ ಅಂತ ಅಳೆಯೋದು, ಅಷ್ಟೇ. ಹಳೆಯ ಕಾಲದ ಅಳತೆ 63 ಇಂಚು. ಅವರು 2021ರಲ್ಲಿ ತೀರಿಕೊಂಡರು, ಆದರೆ ಜನ ಈಗಲೂ ಪ್ರತಿ ಜೂನ್‌ನಲ್ಲಿ ಇಳಿಯುತ್ತಾರೆ. ಉಪಗ್ರಹ, ಪ್ರಯೋಗಾಲಯ, ಕಂಪ್ಯೂಟರ್ ಮಾದರಿ ಎಲ್ಲಾ ಇರೋ ದೇಶದಲ್ಲಿ ನನಗೆ ಅರ್ಥವಾದ ಅಳತೆ ಇದೊಂದೇ.

ಹಾಗಂತ ಇಲ್ಲಿನವರು ಗೆದ್ದಿದ್ದಾರೆ ಅಂತಲ್ಲ. 2010ರಲ್ಲಿ ಪ್ರತಿ ರಾಜ್ಯಕ್ಕೂ ಇಷ್ಟೇ ಸಾರಜನಕ, ಇಷ್ಟೇ ರಂಜಕ ಅಂತ ಮಿತಿ ಹಾಕಿ 2025ರ ಗಡುವು ಕೊಟ್ಟರು. ಪೂರ್ತಿ ಮುಟ್ಟಲಿಲ್ಲ. ಆದರೂ ದುಡ್ಡು ಬಿಚ್ಚುತ್ತಾರೆ. ಕೊಳಚೆ ಶುದ್ಧೀಕರಣಕ್ಕೆ ಅಂತ 2004ರಲ್ಲಿ ಒಂದು ಶುಲ್ಕ ತಂದರು, ಜನ ಅದಕ್ಕಿಟ್ಟ ಹೆಸರು ಫ್ಲಶ್ ಟ್ಯಾಕ್ಸ್. ನಮ್ಮೂರಲ್ಲಿ ಕಕ್ಕಸಿಗೆ ತೆರಿಗೆ ಅಂದರೆ ಯಾವ ಪಕ್ಷ ಉಳಿಯತ್ತೆ ಹೇಳಿ?

ಕಲ್ವ, ಅಂದರೆ ಆಯ್ಸ್ಟರ್ ಅನ್ನೋ ಚಿಪ್ಪಿನ ಜೀವಿಯ ವಿಷಯ ಮಾತ್ರ ನನ್ನನ್ನು ನೇರ ಊರಿಗೇ ಕರ್ಕೊಂಡು ಹೋಯಿತು. ಒಂದು ದೊಡ್ಡ ಕಲ್ವ ದಿನಕ್ಕೆ ಸುಮಾರು 190 ಲೀಟರ್ ನೀರು ಸೋಸಬಲ್ಲದಂತೆ. ಅವನ್ನೆಲ್ಲ ಹಿಡಿದು ತಿಂದು ಮುಗಿಸಿದ ಮೇಲೆ ಈಗ ಹೋಟೆಲಿನ ತಟ್ಟೆಯಿಂದ ಚಿಪ್ಪು ಒಟ್ಟುಮಾಡಿ, ತೊಳೆದು, ಅದಕ್ಕೆ ಮರಿ ಅಂಟಿಸಿ ವಾಪಸ್ ಕೊಲ್ಲಿಗೆ ಹಾಕುತ್ತಾರೆ. ಉತ್ತರ ಕನ್ನಡದ ನಮ್ಮ ಅಘನಾಶಿನಿ ನದಿಯಲ್ಲಿ ಚಿಪ್ಪು ಅಗೆದು ಲಾರಿ ತುಂಬಿಸಿದ್ದನ್ನು ನಾನೇ ನೋಡಿದ್ದೇನೆ. ಸುಣ್ಣ ಮಾಡೋಕೆ. ದೊಡ್ಡ ಅಣೆಕಟ್ಟಿಲ್ಲದ ನದಿ, ಗಜನಿ ಅನ್ನೋ ಅಳಿವೆ ಪಕ್ಕದ ಗದ್ದೆಗಳ ಉಪ್ಪುನೀರಲ್ಲೂ ಬೆಳೆಯೋ ಕಗ್ಗ ಭತ್ತ, ಇಳಿತದ ಹೊತ್ತಿಗೆ ಬಳಚು ಅನ್ನೋ ಚಿಪ್ಪಿನ ಜೀವಿ ಹೆಕ್ಕೋಕೆ ಬುಟ್ಟಿ ಹಿಡಿದು ಸೊಂಟಮಟ್ಟ ನೀರಲ್ಲಿ ಬಗ್ಗಿದ ಹೆಂಗಸರು. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿತು. ಪಟ್ಟ ಸಿಕ್ಕಿದ ಸುದ್ದಿ ಓದಿ ಹೆಮ್ಮೆಯಿಂದ ನಾಲ್ಕು ಗ್ರೂಪಿಗೆ ಕಳಿಸಿದೆ. ಅದೇ ಅಳಿವೆಯ ತದಡಿಗೆ ಬಂದರು, ವಿದ್ಯುತ್ ಸ್ಥಾವರ ಅಂತ ಯೋಜನೆ ಬಂದಾಗ ಇದೇ ನಾನು ಕಾಲೇಜಿನಲ್ಲಿ ಅಭಿವೃದ್ಧಿ ಬೇಕು ಅಂತ ವಾದ ಮಾಡಿದವಳು. ಅದನ್ನು ಯಾವ ಗ್ರೂಪಿಗೂ ಬರೆದಿಲ್ಲ.

ಜೂನ್‌ನಲ್ಲಿ ನಾವೂ ಹೋದೆವು. ಮಗಳಿಗೆ ಹೊಸ ಬಿಳಿ ಬೂಟು. ಎಲ್ಲರೂ ಕೈಕೈ ಹಿಡಿದು ಸಾಲಾಗಿ ನಡೆದೆವು. ನೀರು ಅವಳ ತೊಡೆ ಮುಟ್ಟೋ ಹೊತ್ತಿಗೆ ಬೂಟು ಚಹಾ ಬಣ್ಣಕ್ಕೆ ತಿರುಗಿತ್ತು, ಇನ್ನೆರಡು ಹೆಜ್ಜೆಗೆ ಕಾಣಲೇ ಇಲ್ಲ.

ರಾತ್ರಿ ವಿಡಿಯೋದಲ್ಲಿ ಮಗಳು ಊರಲ್ಲಿರೋ ನನ್ನ ಅಮ್ಮನಿಗೆ ಎಲ್ಲಾ ವರದಿ ಒಪ್ಪಿಸಿದಳು. ಅಮ್ಮ ಪೂರ್ತಿ ಕೇಳಿ, "ಅಲ್ಲ ತಂಗಿ, ಬೂಟು ಹಾಕ್ಕಂಡು ನೀರಿಗೆ ಇಳಿದ್ರೆ ಕಾಲಿಗೆ ಬಳಚು ಹ್ಯಾಂಗೆ ಗೊತ್ತಾಗ್ತದೆ?" ಅಂದರು.

ಮಗಳು ನನ್ನ ಕಡೆ ತಿರುಗಿದಳು. "ಬಳಚು ಅಂದ್ರೆ ಏನಮ್ಮಾ?"