ಅಳದ ಮುಖಾರಿ

ಮುಖಾರಿ ಎಂದರೆ ಶೋಕ ಎಂದು ಯಾವ ಪುಣ್ಯಾತ್ಮರು ಷರಾ ಬರೆದಿಟ್ಟರೋ, ಆ ರಾಗಕ್ಕೆ ಅಳುವುದೊಂದೇ ಕೆಲಸವಾಗಿಬಿಟ್ಟಿದೆ. ರಾಮನವಮಿಯ ಚಪ್ಪರದಲ್ಲಿ ಆ ಸಂಜೆ ಗಾಯಕರು ‘ಕಾರುಬಾರು ಸೇಯುವಾರು’ ಎತ್ತಿಕೊಂಡಾಗ ನಾನು ಖುಷಿಯಿಂದ ನೆಟ್ಟಗೆ ಕುಳಿತೆ. ತ್ಯಾಗರಾಜರು ರಾಮನ ಆಡಳಿತವನ್ನು ಬಾಯಿತುಂಬ ಹೊಗಳುವ ಕೃತಿ ಅದು. ನಿನ್ನಂತೆ ಸಾಕೇತವನ್ನು, ಅಂದರೆ ಅಯೋಧ್ಯೆಯನ್ನು, ಆಳುವವರು ಬೇರೆ ಯಾರಿದ್ದಾರೆ ಎಂಬ ಪ್ರಶ್ನೆ; ತಿಂಗಳಿಗೆ ಮೂರು ಮಳೆ, ಜನರಿಗೆ ವಿದ್ಯೆ, ದೀರ್ಘಾಯುಸ್ಸು. ಅಳುವಂಥದ್ದು ಇದರಲ್ಲಿ ಏನೂ ಇಲ್ಲ. (ಈಗಿನ ಆಡಳಿತವನ್ನು ನೆನೆದು ಅಳಬಹುದು, ಅದು ಬೇರೆ ಮಾತು.)

ಗಾಯಕರು ಮಾತ್ರ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ದನಿಯನ್ನು ಬೇಕೆಂದೇ ನಡುಗಿಸುತ್ತಿದ್ದರು. ಮುಖಾರಿಯಲ್ಲಿ ‘ದ’ ಸ್ವರಕ್ಕೆ ಎರಡು ರೂಪ: ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಅದಕ್ಕಿಂತ ತಗ್ಗಿನ ಶುದ್ಧ ಧೈವತ. ರಾಗದ ಜೀವವಿರುವುದೇ ಆ ಇಳಿತದಲ್ಲಿ. ಅಲ್ಲಿಗೆ ಬಂದಾಗಲೆಲ್ಲ ಅವರ ಕತ್ತು ಎಡಕ್ಕೆ ವಾಲುತ್ತಿತ್ತು, ಕರವಸ್ತ್ರ ಕೈಗೆ ಬರುತ್ತಿತ್ತು. ಸ್ವರ ತಾನಾಗಿ ಮಾಡುವ ಕೆಲಸವನ್ನು ಮುಖವೂ ಮಾಡಹೊರಟರೆ ಕೇಳುವವನ ಪಾಲಿಗೆ ಏನು ಉಳಿಯುತ್ತದೆ? ಕಂಠವೇನೋ ಒಳ್ಳೆಯದೇ, ಶ್ರುತಿಯೂ ಶುದ್ಧ. ಆದರೂ ನನಗೆ ಏನೂ ತಟ್ಟಲಿಲ್ಲ.

ಪಕ್ಕದಲ್ಲಿದ್ದ ಹಿರಿಯರು ನಿಜವಾಗಿಯೂ ಕಣ್ಣೊರೆಸಿಕೊಂಡರು. ಅವರ ಕಣ್ಣೀರನ್ನು ಹಗುರವಾಗಿ ಕಾಣಲು ನಾನು ಯಾರು! “ಭಾವ ಎಂದರೆ ಇದು” ಎಂದವರು, ಗಾಯಕರು ಮೃದಂಗದವರಿಗೆ ತನಿ (ಒಬ್ಬರೇ ನುಡಿಸುವ ಸರದಿ) ಬಿಟ್ಟುಕೊಟ್ಟದ್ದೇ ತಡ, “ಇನ್ನು ಬರೀ ಲೆಕ್ಕದ ಕಸರತ್ತು, ಕಾಫಿ ಕುಡಿದು ಬರೋಣ” ಎಂದು ಎದ್ದರು. ಅರ್ಧ ಚಪ್ಪರವೇ ಅವರ ಹಿಂದೆ ಎದ್ದಿತು. ತನಿ ಆವರ್ತನಕ್ಕೂ ಕಾಫಿಗೂ ನಮ್ಮಲ್ಲಿ ಅದೇನು ನಂಟೋ.

ನಾನು ಕುಳಿತೇ ಇದ್ದೆ. ಮೃದಂಗದವರು ಎಡಬದಿಗೆ ಮೆತ್ತಿದ ರವೆಯ ಕಣಕ ಒಣಗಿತ್ತೇನೋ, ಬೆರಳ ತುದಿಯಿಂದ ನೀರು ಸವರಿ ಒತ್ತಿದರು. ಆಮೇಲೆ ಎಡಗೈಯಿಂದ ಒಂದೇ ಒಂದು ಗುಮ್ಕಿ, ಆ ತೂಗುವ ಮಂದ್ರದ ನಾದ. ಅದು ಪೂರ್ತಿ ಆರುವ ತನಕ ಬಲಗೈ ತೊಡೆಯ ಮೇಲೆಯೇ ಇತ್ತು. ಮುಖದಲ್ಲಿ ಯಾವ ಭಾವವೂ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸುವವರ ಮುಖ.

ತನಿಯ ನಡುವೆ ಬಂದ ಒಂದು ಸಣ್ಣ ಮುಕ್ತಾಯವನ್ನಷ್ಟೇ ಹೇಳುತ್ತೇನೆ. ಲಯ ಕಲಿಯುವ ಹುಡುಗರೂ ಹಾಕಬಲ್ಲ ಲೆಕ್ಕ ಅದು. ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, ಎಂಟು ಪೆಟ್ಟು; ಪೆಟ್ಟಿಗೆ ನಾಲ್ಕರಂತೆ 32 ಅಕ್ಷರ. ‘ತದಿಗಿಣತೊಂ’ ಎಂಬ ಮೃದಂಗದ ನುಡಿಗೆ 5. ಅದನ್ನು ಮೂರು ಸಲ ನುಡಿಸಿ, ನಡುವೆ ಎರಡೆರಡು ಅಕ್ಷರದ ಕಾರ್ವೆ (ಖಾಲಿ ಬಿಡುವು) ಬಿಟ್ಟರೆ ಒಟ್ಟು 19. ಹಾಗಾಗಿ ಮೊದಲ 13 ಕಳೆದ ಮೇಲೆ ಹಿಡಿಯಬೇಕು. ಹಾಗೆ ಹಿಡಿದಾಗ ಮೊದಲ ‘ತೊಂ’ ಪೆಟ್ಟಿನಿಂದ ಒಂದು ಅಕ್ಷರ ಆಚೆಗೆ ಬಿದ್ದು ತೂಗುತ್ತದೆ. ಎರಡನೆಯದು ಏಳನೆಯ ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತದೆ. ಮನಸ್ಸು ಮುಗಿಯಿತು ಎಂದುಕೊಳ್ಳುತ್ತದೆ. ಮುಗಿದಿಲ್ಲ. ಎರಡು ಅಕ್ಷರ ಖಾಲಿ, ಆಮೇಲೆ ಮೂರನೆಯದು ಬಂದು ಸಮಕ್ಕೆ, ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ತಲುಪಿಸುತ್ತದೆ.

ಅವರು ಆ ಎರಡನೆಯ ‘ತೊಂ’ ಅನ್ನು ಉಳಿದೆರಡಕ್ಕಿಂತ ಮೆತ್ತಗೆ ನುಡಿಸಿದರು, ಅಷ್ಟೇ. ಕಾರ್ವೆಯಲ್ಲಿ ನಾದ ತೆಳುವಾಗುತ್ತಾ ಹೋಯಿತು, ನನ್ನ ಗಂಟಲು ಕಟ್ಟಿತು. ಯಾವ ನೆನಪೂ ಬರಲಿಲ್ಲ, ಯಾರ ಮುಖವೂ ಕಣ್ಣ ಮುಂದೆ ಸುಳಿಯಲಿಲ್ಲ. ಭಾವಕ್ಕೆ ಒಂದು ಕಥೆ ಬೇಕು, ಒಂದು ಸಾಹಿತ್ಯದ ಸಾಲಾದರೂ ಬೇಕು ಎಂದು ವಾದಿಸುವವರಿಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯದು. ಲೆಕ್ಕ ಒಂದು ಅಕ್ಷರ ಆಚೀಚೆಯಾಗಿದ್ದರೂ ಆ ಗಂಟಲು ಕಟ್ಟುತ್ತಿರಲಿಲ್ಲ ಎಂಬುದು ಮಾತ್ರ ಖಂಡಿತ.

ಇನ್ನೊಂದು ಸಂಗತಿಯೂ ನಡೆಯಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಗಾಯಕರು ಎಣಿಕೆ ತಪ್ಪಬಾರದೆಂದು ಕಣ್ಣು ಬಿಟ್ಟು ಕುಳಿತಿದ್ದರು. ಹುಬ್ಬಿನ ಗಂಟು ಯಾವಾಗಲೋ ಸಡಿಲವಾಗಿತ್ತು. ಒಂದು ಎಡವಟ್ಟು ಜಾಗದಿಂದ ಮೃದಂಗ ಸಮಕ್ಕೆ ಬಂದು ನಿಂತಾಗ ಅವರು ಹುಡುಗನ ಹಾಗೆ ನಕ್ಕರು. ತನಿ ಮುಗಿದು ಮತ್ತೆ ಪಲ್ಲವಿ ಹಿಡಿದಾಗ ಅಳುಬುರುಕ ದನಿ ಹೋಗಿ, ಸಲೀಸಾದ, ತುಸು ಹೆಮ್ಮೆಯ ಸ್ವರ ಬಂದಿತ್ತು. ರಾಜ್ಯಭಾರವನ್ನು ಹೊಗಳುವ ಮುಖಾರಿ ನನಗೆ ಕೇಳಿಸಿದ್ದು ಆ ಒಂದು ಸಾಲಿನಲ್ಲಿ.

ಮನೆಗೆ ಹೋಗುವಾಗ ಆ ಹಿರಿಯರೊಂದಿಗೆ ಒಂದೇ ಆಟೋ ಹತ್ತಿದೆ. ಅವರ ಕೈಯಲ್ಲೇ ತಾಳ ಹಾಕಿಸಿ 13 ಅಕ್ಷರ ಬಿಡಿಸಿದೆ, ಮೃದಂಗದ ನುಡಿಗಳನ್ನು ಬಾಯಲ್ಲೇ ಕೊನ್ನಕೋಲಾಗಿ ಹೇಳಿ ತೋರಿಸಿದೆ. ಸಮಕ್ಕೆ ಸರಿಯಾಗಿಯೇ ಬಂದರು.

“ಲೆಕ್ಕ ಚೆನ್ನಾಗಿದೆ. ಇದರಲ್ಲಿ ಕಣ್ಣೀರು ಎಲ್ಲಿ ಬರುತ್ತದೆ?” ಎಂದರು.

“ಎರಡನೆಯ ಕಾರ್ವೆಯಲ್ಲಿ” ಎಂದೆ.

ಅವರು ನಂಬಲಿಲ್ಲ.