ದ್ವೀಪದಲ್ಲಿ ಸೌದೆ, ಕಾಡಿನಲ್ಲಿ ಸೈಟು

ಚೆರ್ರಿ ಪೈ ತಿನ್ನಲು ನಿಂತಿದ್ದಕ್ಕೆ ಫೆರಿ ತಪ್ಪಿತು. ಡೋರ್ ಕೌಂಟಿಗೆ ಹೋಗಿ ಚೆರ್ರಿ ತಿನ್ನದೆ ಬರುವುದು ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋದ ಹಾಗೆ, ಅಲ್ವಾ? ಅದಕ್ಕೇ ನಿಂತಿದ್ದು. ನಾರ್ತ್‌ಪೋರ್ಟಿನ ಕಟ್ಟೆ ಮುಟ್ಟಿದಾಗ ಫೆರಿ ನೀರಿನ ಮೇಲೆ ಸಣ್ಣದಾಗಿ ಕಾಣುತ್ತಿತ್ತು. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳಲಿಲ್ಲ ಅಂದರೆ ಜಾಸ್ತಿ ಹೇಳಿದ್ದಾಳೆ ಅಂತಲೇ ಅರ್ಥ.

ವಿಸ್ಕಾನ್ಸಿನ್ ರಾಜ್ಯದ ನಕ್ಷೆ ಒಂದು ಅಂಗೈ ಇದ್ದ ಹಾಗೆ ಇದೆ. ಮಿಷಿಗನ್ ಸರೋವರದೊಳಗೆ ಚಾಚಿದ ಹೆಬ್ಬೆರಳೇ ಡೋರ್ ಕೌಂಟಿ. ಆ ಬೆರಳಿನ ತುದಿಯಿಂದ ಆಚೆ ಇರುವುದು ವಾಷಿಂಗ್ಟನ್ ದ್ವೀಪ. ನಡುವಿನ ಜಲಸಂಧಿಯ ಹೆಸರು ‘ಸಾವಿನ ಬಾಗಿಲು’. ಎಷ್ಟೋ ಹಡಗುಗಳನ್ನು ನುಂಗಿದ ನೀರು. ಡೋರ್ ಕೌಂಟಿಗೆ ಆ ಹೆಸರು ಬಂದಿದ್ದೂ ಈ ಬಾಗಿಲಿನಿಂದಲೇ. ಸೆಪ್ಟೆಂಬರ್ ಕೊನೆಯ ಆ ಮಧ್ಯಾಹ್ನ ಅದು ನಮ್ಮೂರ ಕೆರೆಯಷ್ಟು ಸಾಧುವಾಗಿ ಮಲಗಿತ್ತು. ಮುಂದಿನ ಫೆರಿಯಲ್ಲಿ ಅರ್ಧ ಗಂಟೆಗೆ ದಾಟಿಬಿಟ್ಟೆವು.

ನಾಲ್ಕು ದಿನದ ರಜೆ. ಎರಡು ದಿನ ಐಸ್‌ಲ್ಯಾಂಡಿನವರು ಬಂದು ನೆಲೆಸಿದ ಈ ದ್ವೀಪದಲ್ಲಿ. ಇನ್ನೆರಡು ದಿನ, ಇಲ್ಲಿಂದ ಸುಮಾರು ಮೂರು ಗಂಟೆಯ ದಾರಿಯ ಮೆನಾಮಿನಿ ಬುಡಕಟ್ಟಿನ ಕಾಡಿನಲ್ಲಿ. ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲದ ಕಥೆ. ಒಬ್ಬರು ಏನೂ ಇಲ್ಲದೆ ಬಂದವರು, ಇನ್ನೊಬ್ಬರು ಎಲ್ಲ ಇದ್ದೂ ಕಳೆದುಕೊಂಡವರು. ಒಂದರ ಬೆನ್ನಿಗೇ ಇನ್ನೊಂದನ್ನು ನೋಡಬೇಕು ಅಂತ ಮಿಲ್ವಾಕಿಯಲ್ಲಿ ಕೂತು ಯೋಚಿಸಿದ್ದೆ.

ದ್ವೀಪದ ಕಟ್ಟೆಯಲ್ಲಿ ನಿಂತಿದ್ದ ಇನ್ನೊಂದು ಫೆರಿಯ ಹೆಸರು ‘ಏರಾರ್‌ಬಕ್ಕಿ’. ಐಸ್‌ಲ್ಯಾಂಡಿನ ದಕ್ಷಿಣ ತೀರದ ಒಂದು ಸಣ್ಣ ವ್ಯಾಪಾರದ ಊರು ಅದು. ವಿಲಿಯಂ ವಿಕ್‌ಮನ್ ಎಂಬ ಡೆನ್ಮಾರ್ಕಿನವ ಅಲ್ಲಿ ಅಂಗಡಿ ಗುಮಾಸ್ತನಾಗಿದ್ದ. 1865ರಲ್ಲಿ ಮಿಲ್ವಾಕಿಗೆ ಬಂದ. ಇಲ್ಲಿಂದ ಕಾಗದ ಬರೆದ. ಆ ಕಾಗದ ನಂಬಿ 1870ರಲ್ಲಿ ನಾಲ್ವರು ಹುಡುಗರು ಹೊರಟು ಬಂದರು. ಅದೇ ವರ್ಷ ದ್ವೀಪಕ್ಕೂ ಬಂದರು. ಹಿಂದೆ ನೆಂಟರು, ಅವರ ಹಿಂದೆ ಅವರ ನೆಂಟರು. ಬೆಂಗಳೂರಿನ ಒಂದೇ ಬೀದಿಯವರೆಲ್ಲ ನ್ಯೂಜೆರ್ಸಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಸಿಗುವುದಿಲ್ಲವೇ, ಹಾಗೇ.

ಐಸ್‌ಲ್ಯಾಂಡಿನಲ್ಲಿ ಅವರ ಬದುಕು ಹೇಗಿತ್ತು ಅಂದರೆ, ಭೂಮಿ ಇಲ್ಲದವನು ಯಾವುದಾದರೂ ರೈತನ ಮನೆಯಲ್ಲಿ ವರ್ಷದ ಲೆಕ್ಕದಲ್ಲಿ ಆಳಾಗಿ ಇರಲೇಬೇಕು ಅಂತ ಕಾನೂನು. ನಮ್ಮ ಕಡೆಯ ಜೀತದಷ್ಟು ಕ್ರೂರವಲ್ಲದಿದ್ದರೂ, ಸ್ವಂತ ಒಲೆ ಹಚ್ಚಿಕೊಳ್ಳುವುದು ಸುಲಭವಿರಲಿಲ್ಲ. ಇಂಥ ಊರಿನ ಹುಡುಗರು ಬಂದಿಳಿದಿದ್ದು ಮರಗಳ ನಡುವೆ. ತಮಾಷೆ ಏನೆಂದರೆ ಐಸ್‌ಲ್ಯಾಂಡಿನಲ್ಲಿ ಮರವೇ ಅಪರೂಪ. ಕೊಡಲಿ ಹಿಡಿಯಲು ಇಲ್ಲೇ ಕಲಿತರು. ಸೌದೆ ಕಡಿದು ಮಾರಿದರು, ಮೀನು ಹಿಡಿದರು, ಕಡಿದ ಜಾಗದಲ್ಲಿ ಬೆಳೆ ಇಟ್ಟರು. ಆ ನಾಲ್ವರಲ್ಲಿ ಒಬ್ಬನಾದ ಯೋನ್ ಗಿಸ್ಲಾಸನ್ ಮುಂದೆ ಅಂಗಡಿ, ಹಡಗುಕಟ್ಟೆ ನಡೆಸುವಷ್ಟು ಬೆಳೆದ.

ಇನ್ನೊಂದು ವಿಷಯ ಓದಿ ನಾನು ಸ್ವಲ್ಪ ಹೊಟ್ಟೆ ಉರಿಸಿಕೊಂಡೆ. ಆಗ ವಿಸ್ಕಾನ್ಸಿನ್‌ನಲ್ಲಿ ಪೌರತ್ವ ಸಿಗುವವರೆಗೂ ಕಾಯಬೇಕಿರಲಿಲ್ಲ. ‘ನಾನು ಪೌರನಾಗುತ್ತೇನೆ’ ಅಂತ ಬರೆದುಕೊಟ್ಟ ವಲಸೆ ಗಂಡಸು ಮತ ಹಾಕಬಹುದಿತ್ತು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ತಲೆ ಬೆಳ್ಳಗಾದ ನನಗೆ ಇದು ಪುರಾಣದ ಹಾಗೆ ಕೇಳಿಸಿತು. ನಾನಾದರೂ ನೆಂಟರ ಊರಿಗೆ ಬಂದವನು. ಈ ನೆಲದಲ್ಲೇ ಹುಟ್ಟಿದ ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ಸಿಕ್ಕಿದ್ದು 1924ರಲ್ಲಿ!

ದ್ವೀಪ ಈಗ ಸುಖವಾಗಿದೆಯೇ? ಬೇಸಿಗೆಯಲ್ಲಿ ಹೌದು. ವರ್ಷವಿಡೀ ಇರುವವರು ಏಳೆಂಟು ನೂರು ಜನ. 1940, 50ರ ದಶಕಗಳಲ್ಲಿ ಸಮುದ್ರದಿಂದ ಬಂದ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ಸರೋವರದ ಟ್ರೌಟ್ ಮೀನನ್ನೆಲ್ಲ ತಿಂದು ಮುಗಿಸಿತು. ಮೀನುಗಾರಿಕೆ ಬಿತ್ತು. ಆಲೂಗಡ್ಡೆ ಒಂದಷ್ಟು ಕಾಲ ಹೊಟ್ಟೆ ಹೊರೆಯಿತು, ಅದೂ ಹೋಯಿತು. ಉಳಿದದ್ದು ಪ್ರವಾಸಿಗರು ಮತ್ತು ಬೇಸಿಗೆ ಮನೆಗಳು. ಚಳಿಗಾಲದಲ್ಲಿ ಫೆರಿ ದಿನಕ್ಕೆ ಒಂದೆರಡು ಸಲ ಮಾತ್ರ. ಊಟ ಬಡಿಸಿದಾಕೆ ಹೇಳಿದಳು, “ಕೆಲಸ ಇದೆ, ಇರಲು ಮನೆ ಇಲ್ಲ. ಮನೆಗಳಲ್ಲಿ ದೀಪ ಮಾತ್ರ ಇಲ್ಲ.” ಅಂದರೆ, ಖಾಲಿ ಬಿದ್ದ ಮನೆಗಳ ನಡುವೆ ಬಾಡಿಗೆಗೆ ಮನೆ ಹುಡುಕುವ ಪಾಡು.

ಆ ಊಟದಲ್ಲಿ ನಾನು ತಿಂದದ್ದು ‘ಲಾಯರ್’. ಬರ್ಬಟ್ ಎಂಬ ಮೀನಿಗೆ ಇಲ್ಲಿಯವರು ಇಟ್ಟ ಹೆಸರು. ಯಾಕೆ ಆ ಹೆಸರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿ ನಗುತ್ತಾರೆ. ಒಂದೂ ವಕೀಲರ ಮುಂದೆ ಹೇಳುವಂಥದ್ದಲ್ಲ.

ಮರುದಿನ ಜ್ಯಾಕ್ಸನ್ ಹಾರ್ಬರಿನಿಂದ ‘ಕಾರ್ಫಿ’ ಎಂಬ ಸಣ್ಣ ದೋಣಿ ಹತ್ತಿ ಪಕ್ಕದ ರಾಕ್ ಐಲ್ಯಾಂಡಿಗೆ ಹೋದೆವು. ಕಾರು ಒಯ್ಯುವ ಹಾಗಿಲ್ಲ. ದಡದಲ್ಲೇ ಕಲ್ಲಿನ ದೊಡ್ಡ ದೋಣಿಮನೆ, ಮೇಲೆ ವೈಕಿಂಗ್ ಹಾಲ್. ಕಟ್ಟಿಸಿದವನು ಚೆಸ್ಟರ್ ಥೋರ್ಡಾರ್ಸನ್, 1867ರಲ್ಲಿ ಐಸ್‌ಲ್ಯಾಂಡಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದವನು. ಶಾಲೆ ಸರಿಯಾಗಿ ಸಿಗಲಿಲ್ಲ. ಮೀಸೆ ಬರುವ ವಯಸ್ಸಿನಲ್ಲಿ ಷಿಕಾಗೊದಲ್ಲಿ ಚಿಕ್ಕ ಮಕ್ಕಳ ಪಕ್ಕ ಕೂತು ಕಲಿತ. ಆಮೇಲೆ ಟ್ರಾನ್ಸ್‌ಫಾರ್ಮರ್ ಮಾಡಿ ಹಣವಂತನಾದ. 1910ರಲ್ಲಿ ಈ ದ್ವೀಪದ ಬಹುಪಾಲು ಕೊಂಡುಕೊಂಡ. ಅವನು ಕೂಡಿಸಿದ ಪುಸ್ತಕರಾಶಿ ಈಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದೆ. ಹಾಲಿನೊಳಗಿನ ಕೆತ್ತನೆಯ ಕುರ್ಚಿ ಮೇಜುಗಳನ್ನು ಎಷ್ಟು ಹೊತ್ತು ನೋಡಿದೆವೋ, ಕೊನೆಯ ದೋಣಿಯೂ ತಪ್ಪುತ್ತಿತ್ತು.

ಮೂರನೇ ದಿನ ಒಳನಾಡಿಗೆ ತಿರುಗಿದೆವು. ಈ ಹೆಬ್ಬೆರಳಿನ ನೆಲವೂ ಹಿಂದೆ ಮೆನಾಮಿನಿಯವರದೇ. 1831ರ ಒಪ್ಪಂದದಲ್ಲಿ ಗ್ರೀನ್ ಬೇ ಕೊಲ್ಲಿಯ ಪೂರ್ವದ ಸುಮಾರು 25 ಲಕ್ಷ ಎಕರೆ ಬಿಟ್ಟುಕೊಟ್ಟರು. ಅದರಲ್ಲಿ ಡೋರ್ ಕೌಂಟಿಯೂ ಸೇರಿತ್ತು. ನಾನು ಪೈ ತಿಂದ ಜಾಗವೂ. ಒಟ್ಟು ಒಂದು ಕೋಟಿ ಎಕರೆಯಷ್ಟು ಓಡಾಡಿಕೊಂಡಿದ್ದ ಜನ, ಒಪ್ಪಂದದ ಮೇಲೆ ಒಪ್ಪಂದವಾಗಿ, 1854ರಲ್ಲಿ ವುಲ್ಫ್ ನದಿಯ ದಡದ ಎರಡು ಮುಕ್ಕಾಲು ಲಕ್ಷ ಎಕರೆಗೆ ಬಂದು ನಿಂತರು. ಅದರಲ್ಲೂ ಒಂದು ತುಂಡು ಇನ್ನೊಂದು ಬುಡಕಟ್ಟಿಗೆ ಹೋಯಿತು. ಈಗ ಉಳಿದಿರುವುದು ಸುಮಾರು 2,35,000 ಎಕರೆ.

ಷಾವಾನೊ ಊರು ದಾಟುವವರೆಗೂ ಎರಡೂ ಕಡೆ ಜೋಳದ ಹೊಲ, ಹಾಲಿನ ಡೇರಿ, ಕೆಂಪು ಕೊಟ್ಟಿಗೆಗಳು. ಆಮೇಲೆ ಒಂದು ಗೆರೆ ಎಳೆದ ಹಾಗೆ ಹೊಲ ನಿಂತು ಕಾಡು ಶುರು. ಉಪಗ್ರಹದ ಚಿತ್ರದಲ್ಲೂ ಈ ಗೆರೆ ಕಾಣುತ್ತದೆ ಅಂತ ಓದಿದ್ದೆ. ಕಾರಿನಲ್ಲಿ ಕೂತರೆ ಕಾಣುವುದಲ್ಲ, ತಾಗುತ್ತದೆ. ಬಿಸಿಲು ಆರಿಹೋಯಿತು. ಹೆಂಡತಿ ಕಿಟಕಿ ಇಳಿಸಿದಳು. “ಆಗುಂಬೆ ಹತ್ತಿದ ಹಾಗಿದೆ,” ಅಂದಳು. ವೈಟ್ ಪೈನ್, ಹೆಮ್ಲಾಕ್, ಮೇಪಲ್. ಮೇಪಲ್ ಎಲೆಗಳಿಗೆ ಆಗಲೇ ಬೆಂಕಿ ಬಿದ್ದಿತ್ತು.

ಇದು ಮುಟ್ಟದೆ ಇಟ್ಟ ಕಾಡಲ್ಲ. 1854ರಿಂದ ಇಲ್ಲಿ 200 ಕೋಟಿ ಬೋರ್ಡ್ ಅಡಿಗೂ (ಅದು ಇಲ್ಲಿ ಮರ ಅಳೆಯುವ ಮಾಪ) ಜಾಸ್ತಿ ಮರ ಕಡಿದಿದ್ದಾರೆ. ಆದರೂ ಈಗ ನಿಂತಿರುವ ಮರದ ಪ್ರಮಾಣ ಆಗಿದ್ದಕ್ಕಿಂತ ಹೆಚ್ಚು. ಲೆಕ್ಕ ಸರಳ. ಬಲಿತ ಮರ, ರೋಗದ ಮರ, ಬಿದ್ದ ಮರ ತೆಗೆ. ಸೂರ್ಯ ಹುಟ್ಟುವ ಕಡೆಯಿಂದ ಮುಳುಗುವ ಕಡೆಗೆ ಕಡಿಯುತ್ತ ಹೋಗು, ಕೊನೆ ಮುಟ್ಟಿ ತಿರುಗಿದಾಗ ಮೊದಲಿನ ಜಾಗದಲ್ಲಿ ಮತ್ತೆ ಮರ ಬಲಿತಿರುತ್ತದೆ. 1858ರಲ್ಲಿ ತೀರಿಕೊಂಡ ಮುಖಂಡ ಓಷ್ಕೋಷ್ ಹೀಗೆ ಹೇಳಿದ್ದ ಅಂತ ಅವರ ನಂಬಿಕೆ.

ನಿಯೋಪಿಟ್ ಎಂಬ ಊರಲ್ಲಿ ಅವರ ಗರಗಸದ ಮಿಲ್ಲಿದೆ. 1908ರ ಕಾನೂನಿನಿಂದ ಹುಟ್ಟಿದ್ದು. ಹೊರಗೆ ದಿಮ್ಮಿಗಳ ರಾಶಿ, ಮೇಲೆ ನೀರು ಚಿಮ್ಮುತ್ತಿತ್ತು. ಹೊಸ ಮರದ ಆ ವಾಸನೆಗೆ ನನಗೆ ತೀರ್ಥಹಳ್ಳಿ ಕಡೆಯ ಟಿಂಬರ್ ಡಿಪೊ ನೆನಪಾಯಿತು. ಆದರೆ ಅಲ್ಲಿನ ದಿಮ್ಮಿ ಸರ್ಕಾರದ್ದು. ಇಲ್ಲಿನದು ಊರವರದು. ಈ ‘ಊರವರದು’ ಅನ್ನುವ ಮಾತಿಗೆ ಎಷ್ಟು ಜಗಳ ಆಗಿದೆ ಗೊತ್ತೇ? ಏರಾರ್‌ಬಕ್ಕಿಯ ಹುಡುಗರು ದ್ವೀಪದಲ್ಲಿ ಮೊದಲ ಚಳಿಗಾಲ ಕಳೆದ 1871ರಲ್ಲೇ, ಈ ಮೀಸಲು ನೆಲದ ದೊಡ್ಡ ಭಾಗ ಮಾರಲು ಅಮೆರಿಕದ ಸಂಸತ್ತು ಕಾನೂನು ಮಾಡಿತು. ಮರದ ಸಾಹುಕಾರರಿಗೆ ಪೈನ್ ಬೇಕಿತ್ತು. ಬುಡಕಟ್ಟಿನ ಒಪ್ಪಿಗೆ ಬೇಕು ಅಂತ ಒಂದು ಷರತ್ತು ಇತ್ತು. ಅವರು ಒಪ್ಪಲಿಲ್ಲ. ಈಗ ಕಾಡು ಇರುವುದು ಆ ಒಂದು ‘ಇಲ್ಲ’ದಿಂದ.

ಆಮೇಲೆ ಸರ್ಕಾರ ತಮ್ಮ ಕಾಡನ್ನು ಹಾಳು ಮಾಡಿತು ಅಂತ ಕೋರ್ಟಿಗೆ ಹೋಗಿ 1951ರಲ್ಲಿ 85 ಲಕ್ಷ ಡಾಲರ್ ಗೆದ್ದರು. ಗೆದ್ದದ್ದೇ ಮುಳುವಾಯಿತು. ತಮ್ಮ ಹಣದಲ್ಲಿ ತಲೆಗೆ 1,500 ಡಾಲರ್ ಹಂಚಿಕೊಳ್ಳುತ್ತೇವೆ ಅಂದರು. ಸೆನೆಟರ್ ಆರ್ಥರ್ ವಾಟ್ಕಿನ್ಸ್, ಅಮೆರಿಕದ ಸರ್ಕಾರ ಕೊಟ್ಟಿದ್ದ ಬುಡಕಟ್ಟಿನ ಮಾನ್ಯತೆ ಬಿಡಲು ಒಪ್ಪಿದರೆ ಮಾತ್ರ ಹಣ ಅಂದ. 1954ರಲ್ಲಿ ಕಾನೂನು ಆಯಿತು, 1961ರಲ್ಲಿ ಜಾರಿ. ಮೀಸಲು ನೆಲ ಹೋಗಿ ವಿಸ್ಕಾನ್ಸಿನ್‌ನ 72ನೇ ಕೌಂಟಿ ಆಯಿತು. ಹುಟ್ಟಿದ ದಿನವೇ ರಾಜ್ಯದ ಅತಿ ಬಡ ಕೌಂಟಿ. ಆಸ್ಪತ್ರೆ ಮುಚ್ಚಿತು. ಅದುವರೆಗೆ ಇಲ್ಲದ ಆಸ್ತಿ ತೆರಿಗೆ ಬಂತು. ಒಂದು ಗರಗಸದ ಮಿಲ್ಲು ಇಡೀ ಕೌಂಟಿಯನ್ನು ಸಾಕಬೇಕು!

ದ್ವೀಪದವರಿಗೂ ತೆರಿಗೆ ಇತ್ತಲ್ಲ ಅಂತ ಕೇಳಬಹುದು. ಇತ್ತು. ಆದರೆ ದ್ವೀಪದ ರೈತ ತೆರಿಗೆ ಕಟ್ಟಲಾಗದೆ ಹೊಲ ಮಾರಿದರೆ ಅವನ ಹೊಲ ಹೋಯಿತು, ಅಷ್ಟೇ. ಹಣ ಜೇಬಿಗೆ ಹಾಕಿಕೊಂಡು ಮಿಲ್ವಾಕಿಗೆ ಹೋಗಿ ಬೇರೆ ಬದುಕು ಹಿಡಿದ. ಇಲ್ಲಿ ಮಾರಿದರೆ ಎಲ್ಲರದೂ ಹೋಗುತ್ತದೆ. ಹೋಗಲು ಇನ್ನೊಂದು ಜಾಗವೂ ಇಲ್ಲ.

ಆದರೂ ಮಾರಿದರು. 1960ರ ದಶಕದ ಕೊನೆಯಲ್ಲಿ ಕೆಶೀನಾ ಊರಿನ ಪಕ್ಕದ ಸಣ್ಣ ಕೆರೆಗಳಿಗೆಲ್ಲ ಅಣೆ ಕಟ್ಟಿ, ಒಂದೇ ದೊಡ್ಡ ಸರೋವರ ಮಾಡಿ, ಸುತ್ತ ಎರಡು ಸಾವಿರಕ್ಕೂ ಹೆಚ್ಚು ಸೈಟು ಹಾಕಿದರು. ಹೆಸರು ಲೆಜೆಂಡ್ ಲೇಕ್. ಕೊಂಡವರು ಹೊರಗಿನವರು. ಇದರ ವಿರುದ್ಧ ಎದ್ದ ಚಳವಳಿಯ ಹೆಸರು ‘ಡ್ರಮ್ಸ್’. ಅದರ ಮುಂದಾಳು ಏಡಾ ಡಿಯರ್. ಈ ಕಾಡಿನಲ್ಲಿ ಬೆಳೆದ ಹೆಣ್ಣುಮಗಳು, ರಾಜಧಾನಿ ವಾಷಿಂಗ್ಟನ್ನಿನ ಒಂದೊಂದೇ ಬಾಗಿಲು ತಟ್ಟಿದಳು. 1973ರ ಡಿಸೆಂಬರ್ 22ರಂದು ನಿಕ್ಸನ್ ಸಹಿ ಬಿತ್ತು, ಮಾನ್ಯತೆ ಮರಳಿ ಬಂತು. ಇದೆಲ್ಲ ಓದುವಾಗ ದ್ವೀಪದ ಲಾಯರ್ ಮೀನು ನೆನಪಾಯಿತು. ಈ ಜನ ಎಷ್ಟು ಲಾಯರುಗಳನ್ನು ಕಂಡಿರಬೇಕು!

ಕೆಶೀನಾದಲ್ಲಿ ನಮ್ಮ ರೂಮಿನ ಬುಕಿಂಗ್ ಅವರ ದಾಖಲೆಯಲ್ಲಿ ಇರಲೇ ಇಲ್ಲ. ಷಾವಾನೊಗೆ ವಾಪಸ್ ಹೋಗಿ ಇನ್ನೊಂದು ಕಡೆ ಮಲಗಿದೆವು. ಬೆಳಿಗ್ಗೆ ಮತ್ತೆ ಬಂದಾಗ ಊರು ಸರಿಯಾಗಿ ಕಂಡಿತು. ಕ್ಯಾಸಿನೊ, 1993ರಲ್ಲಿ ಶುರುವಾದ ಅವರದೇ ಕಾಲೇಜು, ಕ್ಲಿನಿಕ್. ಬಣ್ಣ ಹೋದ ಮನೆಗಳೂ ಇದ್ದವು. ರಾಜ್ಯದಲ್ಲಿ ಬಡತನ, ಆರೋಗ್ಯದ ಪಟ್ಟಿ ತೆಗೆದರೆ ಈ ಕೌಂಟಿ ಇವತ್ತಿಗೂ ಕೆಳಗಿನ ತುದಿಯಲ್ಲೇ. ನನಗೆ ಗೊತ್ತಿರುವ ಕೆಲವರು ‘ಕಷ್ಟಪಟ್ಟು ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದು, ಐಸ್‌ಲ್ಯಾಂಡಿನವರನ್ನು ನೋಡಿ’ ಅನ್ನುತ್ತಾರೆ. ಅವರಿಗೆ ನಿಯೋಪಿಟ್ ಮಿಲ್ಲಿನ ಪಾಳಿ ತೋರಿಸಬೇಕು.

ಇನ್ನೊಂದು ಸಂಗತಿ ಕೇಳಿ. ದ್ವೀಪದಲ್ಲಿ ಐಸ್‌ಲ್ಯಾಂಡಿನ ಮಾತು ನಮ್ಮ ಕಿವಿಗೆ ಎಲ್ಲೂ ಬೀಳಲಿಲ್ಲ. ದೋಣಿಯ ಹೆಸರಿನಲ್ಲಿ, ಅಂಚೆಪೆಟ್ಟಿಗೆಯ ಮೇಲೆ ಉಳಿದಿದೆ. ಅದಕ್ಕೆ ಯಾರೂ ಅಳುವುದಿಲ್ಲ, ಐಸ್‌ಲ್ಯಾಂಡ್ ಇನ್ನೂ ಇದೆಯಲ್ಲ. ಮೆನಾಮಿನಿ ಮಾತು ಇಲ್ಲಿ ಹೋದರೆ ಎಲ್ಲೂ ಇಲ್ಲ. ಹಾಸ್ಟೆಲ್ ಶಾಲೆಗಳಲ್ಲಿ ಅದನ್ನು ಮಕ್ಕಳ ಬಾಯಿಂದ ಕಿತ್ತರು. ಈಗ ಪುಟ್ಟ ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ಪಾಣಿನಿಯನ್ನು ಓದಿ ಮೆಚ್ಚಿದ್ದ ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1920ರ ಸುಮಾರಿಗೆ ಇಲ್ಲಿಗೆ ಬಂದು ಈ ಭಾಷೆಗೆ ಅದೇ ಜಾಡಿನಲ್ಲಿ ವ್ಯಾಕರಣ ಬರೆದ. ಎಲ್ಲಿಯ ಪಾಣಿನಿ, ಎಲ್ಲಿಯ ವುಲ್ಫ್ ನದಿ! ಅಂಗಡಿಯಲ್ಲಿ ನಾನು ‘ಪೋಸೋ’ ಅಂದೆ, ಅವರ ನಮಸ್ಕಾರ. ಕೌಂಟರಿನ ಹುಡುಗ ನಕ್ಕು ಉಚ್ಚಾರ ತಿದ್ದಿದ. ಅಲ್ಲೇ ಒಂದು ಚೀಲ ಕಾಡು ಭತ್ತದ ಅಕ್ಕಿ ಕೊಂಡೆವು. ಮೆನಾಮಿನಿ ಅಂದರೆ ಆ ಅಕ್ಕಿಯ ಜನ ಅಂತಲೇ ಅರ್ಥ.

ಹೊರಡುವ ಮುಂಚೆ ಲೆಜೆಂಡ್ ಲೇಕ್ ನೋಡಿದೆವು. ಚೆನ್ನಾಗಿದೆ, ಸುಳ್ಳು ಹೇಳಬಾರದು. ನೀಲಿ ನೀರು, ಕಟ್ಟೆಗೆ ಕಟ್ಟಿದ ದೋಣಿ, ಪರದೆ ಎಳೆದ ಮನೆಗಳು. ವಾಷಿಂಗ್ಟನ್ ದ್ವೀಪದ ಒಂದು ತುಂಡು ತಂದು ಇಟ್ಟ ಹಾಗಿತ್ತು. ಹೋದ ಸೈಟುಗಳನ್ನು ಬುಡಕಟ್ಟಿನವರು ಈಗ ಒಂದೊಂದಾಗಿ ದುಡ್ಡು ಕೊಟ್ಟು ವಾಪಸ್ ಕೊಳ್ಳುತ್ತಿದ್ದಾರೆ.

ತಿರುವಿನಲ್ಲಿ ಒಂದು ಬೋರ್ಡ್ ಇತ್ತು: ಸೈಟು ಮಾರಾಟಕ್ಕಿದೆ. ಸೈಟು ಅಂದರೆ ನಮ್ಮ ಕಿವಿ ನೆಟ್ಟಗಾಗುವುದು ಹುಟ್ಟುಗುಣ. ನಾನು ಏನೂ ಹೇಳದಿದ್ದರೂ ಕಾರು ನಿಧಾನವಾಯಿತು.

“ಎಷ್ಟಂತೆ?” ಅಂದಳು ಹೆಂಡತಿ.

“ಸುಮ್ನೆ ನೋಡು,” ಅಂದೆ.

ಅವಳು ಫೋನ್ ತೆಗೆದಳು. ಮೆನಾಮಿನಿಯವರ ಐತಿಹ್ಯದ ಬಂಡೆ ಸ್ಪಿರಿಟ್ ರಾಕ್ ನೋಡಲು 55ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದೆವು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಬೆಲೆ ಬರುವಷ್ಟರಲ್ಲಿ ಎರಡೂ ಕಡೆಯಿಂದ ಕಾಡು ಕವಿದುಕೊಂಡಿತು, ಸಿಗ್ನಲ್ ಹೋಯಿತು.